ಲೋಟದ ಕೆಳಗಿನ ಅಕ್ಷರ

ನಾಲ್ಕನೇ ಸಲ ರೇಡಿಯೇಟರಿನ ಕೆಳಗಿನ ಪ್ಲಗ್ ತಿರುಗಿಸಿದಾಗ ನೀರು ಬೇಸಿನ್ನಿಗೆ ಬೀಳದೆ ನನ್ನ ಮೊಣಕೈ ಹಿಡಿದುಕೊಂಡು ಕಂಕುಳತನಕ ಹರಿಯಿತು. ಸುಡುವಷ್ಟಲ್ಲ, ಬೈಗುಳ ಬರುವಷ್ಟು ಬಿಸಿ.

“ಬಂತಾ?” ಮೇಲಿನಿಂದ ಅತ್ತಿಗೆ ಕೇಳಿದರು. ಕಾರಿನ ಅಡಿಯಿಂದ ನನಗೆ ಕಾಣುತ್ತಿದ್ದದ್ದು ಅವರ ರಬ್ಬರ್ ಚಪ್ಪಲಿಗಳು ಮಾತ್ರ.

“ಬಂತು. ಅಂಗಿಯೊಳಗೂ ಬಂತು.”

“ಅಂಗೀನೂ ತೊಳೆದು ಎಷ್ಟು ದಿನ ಆಗಿತ್ತೋ. ಲೋಟ ತುಂಬಿಸು.”

ಲೋಟ! ಆ ಗಾಜಿನ ಲೋಟವನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮ ಶೆಡ್ಡಿನಲ್ಲಿ ಇಂಜಿನ್ನಿನ ನೀರಿನ ದಾರಿ ತೊಳೆದರೆ, ನೀರು ತಿಳಿಯಾಯಿತೆಂದು ಬರಿದೇ ಹೇಳುವಂತಿಲ್ಲ. ಇಳಿಸಿದ ನೀರನ್ನು ಲೋಟಕ್ಕೆ ಹಿಡಿದು, ಲೋಟವನ್ನು ನಿನ್ನೆಯ ಪೇಪರಿನ ‘ಬಾಡಿಗೆಗೆ ಇದೆ’ ಅಂಕಣದ ಮೇಲಿಟ್ಟು, ಮೇಲಿನಿಂದ ಬಗ್ಗಿ ಓದಬೇಕು. ಆ ಇರುವೆ ಗಾತ್ರದ ಅಕ್ಷರಗಳು ಓದಲು ಬಂದರೆ ಸಾಕು. ಬರದಿದ್ದರೆ ಮತ್ತೆ ನೀರು ತುಂಬಿಸಿ, ಇಂಜಿನ್ ಕಾಯಿಸಿ, ಆರಿಸಿ, ಇಳಿಸಬೇಕು. ಶೆಡ್ಡು ಕಟ್ಟಿದ ಅತ್ತಿಗೆಯ ಅಪ್ಪ ಮಾಡಿಟ್ಟ ಕಟ್ಟಳೆ ಇದು. ಅವರು ಹೋದಮೇಲೆ ಶೆಡ್ಡು ಮಗಳಿಗೆ ಬಂತು, ಲೋಟವೂ ಬಂತು. ನನ್ನ ಅಣ್ಣ ಲಾರಿ ಓಡಿಸುತ್ತಾನೆ, ತಿಂಗಳಿಗೆರಡು ಸಲ ಮನೆಗೆ ಬಂದು ಮಲಗುತ್ತಾನೆ. ನಾನು ಇಲ್ಲಿ ಎಂಟು ವರ್ಷದಿಂದ ದುಡಿಯುತ್ತಿದ್ದೇನೆ. ಗೇರ್‌ಬಾಕ್ಸ್ ಒಬ್ಬನೇ ಇಳಿಸಿ ಏರಿಸಬಲ್ಲೆ. ಆದರೆ ಲೋಟ ನೋಡಿ ‘ಸಾಕು’ ಅನ್ನುವ ಅಧಿಕಾರ ನನಗಿಲ್ಲ. ಮೂರು ಸಲ ಬಾಯಿಬಿಟ್ಟು ಕೇಳಿದ್ದೆ. ಮೂರು ಸಲವೂ “ನಿಧಾನ ಕಲಿ, ಆಮೇಲೆ ನೋಡೋಣ” ಎಂದಿದ್ದರು.

ಕಾರಿನಡಿಯಿಂದ ತೆವಳಿ ಬಂದು ಲೋಟ ಕೊಟ್ಟೆ. ಅತ್ತಿಗೆ ಅದನ್ನು ಪೇಪರಿನ ಮೇಲಿಟ್ಟು ಬಗ್ಗಿದರು. ಹಿಂದೆ ಸರಿದರು. ಪೇಪರು ಲೋಟ ಎರಡನ್ನೂ ಎತ್ತಿಕೊಂಡು ಬಾಗಿಲಿಗೆ ಹೋದರು. ಮಧ್ಯಾಹ್ನದಿಂದ ಮೋಡ ಕವಿದು ಸೆಕೆ ಕುದಿಯುತ್ತಿತ್ತು. ಆಕಾಶವನ್ನೊಮ್ಮೆ ದುರುಗುಟ್ಟಿ ನೋಡಿ ಮತ್ತೆ ಬಗ್ಗಿದರು.

“ಮಬ್ಬು. ಇನ್ನೊಂದ್ಸಲ.”

ನಾನು ಅವರ ಹೆಗಲ ಮೇಲಿಂದ ಇಣುಕಿದೆ. “ಎರಡು ಕೋಣೆ, ಮಹಡಿ ಮೇಲೆ, ನೀರಿನ ಅನುಕೂಲವಿದೆ, ಸಣ್ಣ ಸಂಸಾರಕ್ಕೆ ಆದ್ಯತೆ. ಸರಿಯಾಗಿ ಕಾಣ್ತಿದೆಯಲ್ಲ ಅತ್ತಿಗೆ!”

“ನಿನಗೆ ಮನೆ ಹುಡುಕ್ತಿಲ್ಲ ನಾನು. ಅರ್ಧ ಓದಿ ಇನ್ನರ್ಧ ಊಹೆ ಮಾಡ್ತೀಯ. ನೀರು ಬಿಡು.”

ಟೈರಿನ ಮೇಲೆ ಕೂತಿದ್ದ ಬೇಕರಿಯವನು ನಿಟ್ಟುಸಿರುಬಿಟ್ಟ. ಕಾರು ಅವನದು. ಎರಡು ವರ್ಷದಿಂದ ಇಂಜಿನ್ ತಂಪಿಡುವ ಕೂಲೆಂಟ್ ಹಾಕದೆ ಕುಡಿಯುವ ಬಾಟಲಿಯ ನೀರನ್ನೇ ಸುರಿದು, ಒಳಗೆಲ್ಲ ತುಕ್ಕು ಬೆಳೆಸಿದ್ದ. ಬೆಳಿಗ್ಗೆ ನಾಲ್ಕು ರಸ್ತೆ ಕೂಡುವಲ್ಲಿ ಬಾನೆಟ್ಟಿನಿಂದ ಹೊಗೆ ಎದ್ದು ನಿಂತುಬಿಟ್ಟಿತ್ತು. ಒಳಗೆ ಮೂರಂತಸ್ತಿನ ಕೇಕು. ಈಗ ಆ ಕೇಕು ನಮ್ಮ ಬೆಂಚಿನ ಮೇಲೆ, ಬ್ಯಾಟರಿ ಚಾರ್ಜರಿನ ಪಕ್ಕ, ಶೆಡ್ಡಿಗಿರುವ ಒಂದೇ ಫ್ಯಾನಿನ ಎದುರು ಕೂತಿತ್ತು. ಐದು ಗಂಟೆಗೆ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಒಬ್ಬರ ಬೀಳ್ಕೊಡುಗೆ. ಬಾಡಿಗೆ ಗಾಡಿ ತರಿಸು ಎಂದಿದ್ದೆ. ಹಿಂದಿನ ಸೀಟು ಕಿತ್ತು ಕೇಕಿಗೆಂದೇ ಹಲಗೆ ಹೊಡೆಸಿರುವುದು ಈ ಕಾರಿಗೆ ಮಾತ್ರ ಎಂದಿದ್ದ.

“ಅಕ್ಕಾ, ಕ್ರೀಮಿನ ಗುಲಾಬಿಗಳು ಬಾಗ್ತಿವೆ.”

“ನಾವೂ ಬಾಗ್ತಿದ್ದೀವಿ ಕಣಪ್ಪಾ. ನಮಗೆ ಯಾರಾದ್ರೂ ಫ್ಯಾನ್ ಹಾಕಿದ್ರಾ?”

“ಎದುರಿನ ಅಂಗಡಿಯವನು ಅರ್ಧ ಗಂಟೇಲಿ ಮುಗಿಸ್ತಾನಂತೆ.”

“ಹಾಗಿದ್ರೆ ತಳ್ಕೊಂಡು ಹೋಗು.”

ಅವನು ತಳ್ಳಿಕೊಂಡು ಹೋಗಲಿಲ್ಲ. ಹಾಗೆ ಹೋದವರು ಬಹಳ ಇದ್ದರು. ಮೊದಲೆಲ್ಲ ಎರಡೇ ತೊಳೆತಕ್ಕೆ ‘ಸಾಕು’ ಅನ್ನುತ್ತಿದ್ದ ಅತ್ತಿಗೆಗೆ ಈ ಆರು ತಿಂಗಳಿಂದ ಅದೇನು ಹಿಡಿದಿತ್ತೋ, ನಾಲ್ಕಾದರೂ ತೃಪ್ತಿಯಿಲ್ಲ, ಐದಾದರೂ ತೃಪ್ತಿಯಿಲ್ಲ. ಲೋಟ ಹಿಡಿದು ನಡುರಸ್ತೆಗೆ ಹೋಗಿ ನಿಲ್ಲುತ್ತಿದ್ದರು. ಡ್ರೈವಿಂಗ್ ಸ್ಕೂಲಿನ ಮೂರು ಕಾರುಗಳು ಎದುರಿನ ಅಂಗಡಿಗೆ ದಾಟಿದ್ದವು. ಅಲ್ಲಿನವನು ದಿನಾ ಬೆಳಿಗ್ಗೆ ಷಟರ್ ಎತ್ತುತ್ತ ನನ್ನನ್ನು ಕೇಳುತ್ತಿದ್ದ: “ಏನಪ್ಪಾ, ಇವತ್ತು ಎಷ್ಟು ಸಲ ಸ್ನಾನ?”

ಪ್ಲಗ್ ಬಿಗಿದು ಪೈಪಿನಿಂದ ನೀರು ತುಂಬಿಸಿದೆ. ಇಂಜಿನ್ ಚಾಲೂ ಮಾಡಿ ಹೀಟರನ್ನು ಪೂರ್ತಿ ತಿರುಗಿಸಿದೆ. ಡ್ಯಾಶ್‌ಬೋರ್ಡಿನ ಹಿಂದಿರುವ ಸಣ್ಣ ಕೊಳವೆಗಳಿಗೂ ನೀರು ಓಡಬೇಕಾದರೆ ಹೀಟರ್ ಹಾಕಲೇಬೇಕು. ಬೆವರು ಕಿತ್ತುಬರುವ ಸೆಕೆಯಲ್ಲಿ ಮುಖಕ್ಕೆ ಬಿಸಿಗಾಳಿ ಊದಿಸಿಕೊಂಡು, ಶಾಖ ತೋರಿಸುವ ಮುಳ್ಳು ಏರುವುದನ್ನೇ ನೋಡುತ್ತ ಕೂತೆ. ಆಮೇಲೆ ಆರಿಸಿ ಕಾದೆ. ಬಿಸಿಯಿರುವಾಗ ಮುಚ್ಚಳ ತೆಗೆದರೆ ಏನಾಗುತ್ತದೆಂದು ನನ್ನ ಎಡ ಮಣಿಕಟ್ಟಿನ ಸುಟ್ಟ ಕಲೆ ಹೇಳುತ್ತದೆ. ನಾನು ಕೆಲಸಕ್ಕೆ ಸೇರಿದ ಮೊದಲ ವಾರದ್ದು ಅದು.

“ಕೇಕಿನ ಮೇಲೆ ಏನು ಬರ್ದಿದೀಯ?” ಅತ್ತಿಗೆ ಕೇಳಿದರು. ಬೆಂಚಿನ ಪಕ್ಕದಲ್ಲೇ ನಿಂತಿದ್ದರು.

“‘ಹೋಗಿ, ಮತ್ತೆ ಬರಬೇಡಿ’ ಅಂತ. ದೊಡ್ಡ ಡಾಕ್ಟರೇ ಹೇಳಿ ಬರೆಸಿದ್ದು. ಆಯಮ್ಮ ರಜಾ ದಿನಾನೂ ಡ್ಯೂಟಿಗೆ ಬಂದು ಎಲ್ಲರ ಪ್ರಾಣ ತೆಗೀತಿದ್ದರಂತೆ.”

ಅತ್ತಿಗೆ ಕೇಕಿನತ್ತ ಮುಖ ಮಾಡಿ ನಕ್ಕರು. ನನಗೆ ನಗು ಬರಲಿಲ್ಲ. ಇಂಥವರು ಇನ್ನೊಬ್ಬರು ನನ್ನ ಮುಂದೆಯೇ ನಿಂತಿದ್ದರು.

ನಾಲ್ಕು ಗಂಟೆಗೆ ಐದನೇ ಸಲ ಕಾರಿನಡಿಗೆ ಹೋದೆ. ನೀರು ಬೇಸಿನ್ನಿಗೆ ಬಿತ್ತು. ಬೇಸಿನ್ನಿನ ತಳದ ಬಿಳಿ, ಅದರಲ್ಲಿನ ಗೀರು, ಎಲ್ಲ ಕಾಣುತ್ತಿತ್ತು. ಲೋಟ ತುಂಬಿಸಿಕೊಂಡು ಎದ್ದೆ. ಅತ್ತಿಗೆ ಬಾಗಿಲಲ್ಲಿ ನಮಗೆ ಬೆನ್ನುಹಾಕಿ ಆಕಾಶ ನೋಡುತ್ತಿದ್ದರು.

ಏನನ್ನಿಸಿತೋ, ಲೋಟವನ್ನು ಬೇಸಿನ್ನಿಗೆ ಬಗ್ಗಿಸಿಬಿಟ್ಟೆ. ಬೆಂಚಿನ ಕೆಳಗೆ, ಕೂಲೆಂಟಿಗೆ ಬೆರೆಸಲೆಂದು ತಂದಿಟ್ಟ ಡಿಸ್ಟಿಲ್ಡ್ ನೀರಿನ ಹೊಸ ಕ್ಯಾನಿತ್ತು. ಅದರ ಸೀಲು ಒಡೆದು ಲೋಟ ತೊಳೆದೆ, ತುಂಬಿಸಿದೆ. ಲೋಕದಲ್ಲಿ ಅದಕ್ಕಿಂತ ತಿಳಿಯಾದ ನೀರಿಲ್ಲ. ಇದಕ್ಕೂ ‘ಮಬ್ಬು’ ಅನ್ನಲಿ, ಬೇಕರಿಯವನ ಎದುರೇ ಕ್ಯಾನ್ ಎತ್ತಿ ತೋರಿಸುತ್ತೇನೆ. ಎಂಟು ವರ್ಷದ ಲೆಕ್ಕ ಒಂದೇ ಮಾತಿನಲ್ಲಿ ತೀರಿಹೋಗಲಿ. ಬೇಕರಿಯವನು ಹುಬ್ಬೇರಿಸಿದ. ನಾನು ತುಟಿಯ ಮೇಲೆ ಬೆರಳಿಟ್ಟೆ.

“ತಗೊಳ್ಳಿ ಅತ್ತಿಗೆ.”

ಅವರು ಲೋಟವನ್ನು ಅಂಚಿನಲ್ಲಿ ಹಿಡಿದು ಪೇಪರಿನ ಮೇಲಿಟ್ಟರು. ಬಗ್ಗಿದರು. ಮೂಗು ಲೋಟಕ್ಕೆ ತಾಗುವಷ್ಟು ಬಗ್ಗಿದರು. ತೋರುಬೆರಳು ಒಂದು ಸಾಲಿನ ಕೆಳಗೆ ಮೆಲ್ಲಗೆ ಸರಿಯತೊಡಗಿತು.

“ಮಬ್ಬೇ,” ಎಂದರು. “ಇನ್ನೊಂದ್ಸಲ ಆಗ್ಬೇಕು.”

ನನ್ನ ಮಾತು ನಾಲಿಗೆಯ ತುದಿಯಲ್ಲಿತ್ತು. ಕೈ ಕ್ಯಾನಿನ ಹಿಡಿಕೆಯ ಮೇಲಿತ್ತು. ಆಗ ಅವರ ಬೆರಳು ನೋಡಿದೆ. ಅದು ಅಂಕಣ ದಾಟಿ ಪೇಪರಿನ ಖಾಲಿ ಅಂಚಿನ ಮೇಲೆ ಹೋಗುತ್ತಿತ್ತು. ಅಲ್ಲಿ ಒಂದಕ್ಷರವೂ ಅಚ್ಚಾಗಿರಲಿಲ್ಲ. ಅವರು ಓದುತ್ತಲೇ ಇದ್ದರು.

ಕ್ಯಾನಿನಿಂದ ಕೈ ತೆಗೆದೆ.

ಅತ್ತಿಗೆ ಲೋಟವನ್ನು ನನಗೆ ವಾಪಸು ಕೊಡಲೆಂದು ಎರಡೂ ಅಂಗೈಗಳಲ್ಲಿ ಎತ್ತಿಕೊಂಡರು. ಎತ್ತಿಕೊಂಡವರು ಹಾಗೇ ನಿಂತರು.

“ಇದು ತಣ್ಣಗಿದೆ.”

ಮೂಸಿ ನೋಡಿದರು. ಬೆರಳದ್ದಿ ಹೆಬ್ಬೆರಳಿಗೆ ಉಜ್ಜಿ ನೋಡಿದರು. ಆ ಬೆರಳುಗಳಿಗೆ ಸುಳ್ಳು ಹೇಳಿ ಗೆದ್ದವರನ್ನು ನಾನು ಕಂಡಿಲ್ಲ.

“ಎಲ್ಲಿಂದ ತುಂಬಿಸ್ದೆ?”

“ಕ್ಯಾನಿಂದ.”

ಬೇಕರಿಯವನು ಯಾಕೋ ತಲೆಯ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ.

“ಕೂಲೆಂಟ್ ತುಂಬಿಸು,” ಅತ್ತಿಗೆ ಅಂದರು. ಅಷ್ಟೇ.

ಹಸಿರು ಕೂಲೆಂಟು ಅರ್ಧ, ಕ್ಯಾನಿನ ನೀರು ಅರ್ಧ ಬೆರೆಸಿ ಸಣ್ಣಗೆ ಸುರಿದೆ. ಮುಚ್ಚಳ ತೆರೆದಿಟ್ಟೇ ಇಂಜಿನ್ ಓಡಿಸಿದೆ. ಒಳಗೆ ಸಿಕ್ಕಿಕೊಂಡ ಗಾಳಿ ಗುಳ್ಳೆಗಳಾಗಿ ಮೇಲೆ ಬಂತು. ಸ್ವಲ್ಪ ಹೊತ್ತಿಗೆ ಗುಳ್ಳೆಗಳು ನಿಂತವು. ಮುಚ್ಚಳ ಎತ್ತಿಕೊಂಡೆ.

“ತಡಿ. ಗಾಳಿ ಇದೆ.”

“ಎಲ್ಲಿದೆ? ಒಂದು ಗುಳ್ಳೆಯೂ ಕಾಣ್ತಿಲ್ಲ.”

ಅತ್ತಿಗೆ ಮೇಲಿನ ರಬ್ಬರ್ ಹೋಸ್‌ಪೈಪನ್ನು ಕೈಯಲ್ಲಿ ಹಿಡಿದಿದ್ದರು. ಕಣ್ಣು ಎತ್ತಲೋ ಇತ್ತು. ಒಂದು ಸಲ ಅದುಮಿದರು, ಬಿಟ್ಟರು, ಇನ್ನೊಂದು ಸಲ ಅದುಮಿದರು. ರೇಡಿಯೇಟರು ಹೊಟ್ಟೆ ತುಂಬಿದವರ ಹಾಗೆ ದೊಡ್ಡದಾಗಿ ತೇಗಿತು. ಕೂಲೆಂಟು ಎರಡು ಬೆರಳು ಕೆಳಗಿಳಿಯಿತು.

“ಈಗ ಅಷ್ಟು ತುಂಬಿಸಿ ಮುಚ್ಚಳ ಹಾಕು,” ಎಂದರು.

ಐದಕ್ಕೆ ಇಪ್ಪತ್ತು ನಿಮಿಷವಿದ್ದಾಗ ಕಾರು ಹೊರಟಿತು. ಬೇಕರಿಯವನು ಹೋಗುವಾಗ ಅತ್ತಿಗೆಗೆ ಎರಡು ಸಲ ನಮಸ್ಕಾರ ಮಾಡಿದ. ನನ್ನ ಮುಖ ನೋಡಲಿಲ್ಲ. ಬೆಂಚಿನ ಮೇಲೆ ಕ್ರೀಮಿನ ಗುಲಾಬಿಯೊಂದು ಉದುರಿ ಗ್ರೀಸಿಗೆ ಅಂಟಿಕೊಂಡಿತ್ತು.

ಇಳಿಸಿದ ಕೊಳೆ ನೀರನ್ನು ಡಬ್ಬಕ್ಕೆ ಸುರಿದು ಮುಚ್ಚಿದೆ. ಅತ್ತಿಗೆ ನಲ್ಲಿಯ ಹತ್ತಿರ ಲೋಟ ತೊಳೆಯುತ್ತಿದ್ದರು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

“ಯಾವಾಗಿಂದ?” ಎಂದೆ.

“ಬಿಸಿಲಿದ್ರೆ ಕಾಣುತ್ತೆ.”

“ಯಾವಾಗಿಂದ ಅತ್ತಿಗೆ?”

“ಮೊದಲು ಬಲಗಣ್ಣೊಂದೇ ಇತ್ತು. ಎಡಗಣ್ಣಿಗೆ ಒಂಟಿ ಅನ್ನಿಸ್ತೋ ಏನೋ, ಅದೂ ಜೊತೆಗೆ ಹೊರಟಿದೆ.” ನಗಿಸಲು ನೋಡಿದರು. ನಾನು ನಗದಿದ್ದಾಗ ನಲ್ಲಿ ನಿಲ್ಲಿಸಿದರು. “ಪೊರೆ ಇರ್ಬೇಕು. ಅಪ್ಪನಿಗೂ ಬಂದಿತ್ತು.”

“ಅಣ್ಣನಿಗೆ ಹೇಳಿದ್ದೀರಾ?”

“ಬಂದ ದಿನ ಅವರು ಕಣ್ಣು ಬಿಟ್ಟಿದ್ರೆ ತಾನೆ ಹೇಳೋದು!”

“ಡಾಕ್ಟರ ಹತ್ತಿರ ಹೋಗೋಕೆ ಏನಾಗಿತ್ತು? ಆರು ತಿಂಗಳು! ಆರು ತಿಂಗಳಿಂದ ನನ್ನನ್ನ ಕಾರಿನ ಕೆಳಗೆ ಉರುಳಾಡಿಸಿದ್ದೀರಿ, ಗಿರಾಕಿಗಳನ್ನ ಎದುರಿನವನಿಗೆ ಬಿಟ್ಟುಕೊಟ್ಟಿದ್ದೀರಿ...”

“ಹೋದ್ರೆ ಆಪರೇಷನ್ ಅಂತಾರೆ. ತಿಂಗಳುಗಟ್ಟಲೆ ಬಗ್ಗಬೇಡ, ಭಾರ ಎತ್ತಬೇಡ, ಧೂಳಲ್ಲಿ ನಿಲ್ಲಬೇಡ ಅಂತಾರೆ. ಶೆಡ್ಡು ಯಾರು ನೋಡ್ತಾರೆ?”

“ನಾನು ಇಲ್ಲಿ ಗೋಡೆಗೆ ಹೊಡೆದ ಮೊಳೆಯಾ?”

ಅತ್ತಿಗೆ ಸೆರಗಿನಿಂದ ಲೋಟ ಒರೆಸಿದರು. ಒಳಗೆ, ಹೊರಗೆ, ಮತ್ತೆ ಒಳಗೆ. ನನ್ನ ಹತ್ತಿರ ಬಂದು ಅದನ್ನು ಮುಂದೆ ಹಿಡಿದರು.

“ತಗೋ. ನಾಳೆಯಿಂದ ನೀನೇ ಓದು. ನೀನು ಸಾಕು ಅಂದ್ರೆ ಸಾಕು. ನಾನು ಗಿರಾಕಿಗಳನ್ನ ಮಾತಾಡಿಸ್ಕೊಂಡು ಬಾಗಿಲಲ್ಲಿ ಇರ್ತೀನಿ. ನಿಮ್ಮಣ್ಣನಿಗೆ ಹೇಳೋದು ಬೇಡ, ಡಾಕ್ಟರ ಸುದ್ದಿಯೂ ಬೇಡ. ಹೀಗೇ ನಡೆಸ್ಕೊಂಡು ಹೋಗೋಣ. ನೀನು ಕೇಳ್ತಿದ್ದದ್ದೂ ಇದನ್ನೇ ಅಲ್ವಾ?”

ಇದನ್ನೇ ಕೇಳುತ್ತಿದ್ದೆ. ಈ ಮಾತನ್ನು ಅವರ ಬಾಯಿಂದ ಕೇಳಿದಂತೆ ಎಷ್ಟು ಸಲ ಕಾರಿನಡಿ ಮಲಗಿ ಕಲ್ಪಿಸಿಕೊಂಡಿದ್ದೆನೋ. ಲೋಟ ಫಳಫಳ ಹೊಳೆಯುತ್ತಿತ್ತು. ಎದುರಿನ ಅಂಗಡಿಯವನು ಷಟರ್ ಎಳೆಯುತ್ತ ಇತ್ತ ನೋಡುತ್ತಿದ್ದ.

“ಬೇಡ,” ಎಂದೆ.

“ಏನು ಬೇಡ?”

“ಲೋಟ. ನೀವು ಡಾಕ್ಟರಿಗೆ ಕಣ್ಣು ತೋರಿಸ್ಕೊಂಡು ಬರೋತನಕ ನಾನು ಅದನ್ನ ಮುಟ್ಟಲ್ಲ.”