ಹುಳದ ಮನೆಯ ಹೊಸಿಲು

ಕದಿರಮ್ಮನ ಜಗಲಿಗೆ ಈಗಲೂ ಹೆಂಗಸರು ಬರುತ್ತಿದ್ದರು. ಬಂದು, "ಚೆನ್ನಾಗಿದ್ದೀಯ ಕದಿರಕ್ಕ?" ಎಂದು ಒಂದು ಮಾತು ಒಗೆದು, ನೆಟ್ಟಗೆ ಒಳಗೆ ಅವಳ ಸೊಸೆ ಕವಿತಳ ಹತ್ತಿರ ಹೋಗುತ್ತಿದ್ದರು. ಕದಿರಮ್ಮನ ಹೊಟ್ಟೆ ಉರಿಯುವುದಕ್ಕೆ ಅಷ್ಟು ಸಾಕಾಗಿತ್ತು.

ಶಿಡ್ಲಘಟ್ಟದ ಕಡೆಯ ಆ ಊರಿನಲ್ಲಿ ಮೂವತ್ತು ವರ್ಷ ಹೆಂಗಸರ ಸಂಕಟಗಳಿಗೆಲ್ಲ ಉತ್ತರ ಹೇಳಿದವಳು ಅವಳು. ಬಿಳಿ ಹೋಗಲಿ, ಮುಟ್ಟು ತಪ್ಪಲಿ, ಬಾಣಂತಿಗೆ ಸೊಂಟ ನೋಯಲಿ, ಕೇಳಿದವರು ಬಾಯಿ ಮುಚ್ಚುವುದರೊಳಗೆ ಉತ್ತರ ತಯಾರು. ಕವಿತ ಆಶಾ ಕಾರ್ಯಕರ್ತೆಯಾಗಿ ಇನ್ನೂ ಮೂರು ವರ್ಷ. ಅವಳಾದರೂ ಏನು ಹೇಳುತ್ತಾಳೆ? "ನಂಗೆ ಸರಿಯಾಗಿ ಗೊತ್ತಿಲ್ಲ ಕಣಕ್ಕ, ನರ್ಸಮ್ಮನ್ನ ಕೇಳಿ ಹೇಳ್ತೀನಿ" ಎನ್ನುತ್ತಾಳೆ. ಹೆಂಗಸರು ಅದಕ್ಕೂ ತಲೆಯಾಡಿಸಿ ಮರುದಿನ ಮತ್ತೆ ಬರುತ್ತಾರೆ. ಗೊತ್ತಿಲ್ಲ ಎನ್ನುವವಳ ಹಿಂದೆ ಊರೇ ಬಿದ್ದಿದೆಯಲ್ಲ, ಇವರ ಬುದ್ಧಿಗೇನು ಮಂಕು ಕವಿದಿದೆಯೇ ಎಂದು ಕದಿರಮ್ಮ ಒಳಗೊಳಗೇ ಕುದಿಯುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಸ್ನಾನಕ್ಕೆ ಹೋದವಳಿಗೆ ಸೀರೆಯಲ್ಲಿ ರಕ್ತದ ಕಲೆ ಕಂಡಿತು. ಅವಳಿಗೆ ಮುಟ್ಟು ನಿಂತು ಆರು ವರ್ಷವಾಗಿತ್ತು. ನಾಲ್ಕು ದಿನ ಬಿಟ್ಟು ಮತ್ತೆ ಕಂಡಿತು. ಕೇಳುವುದು ಯಾರನ್ನು? ಇದ್ದವಳು ಒಬ್ಬಳು, ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತಿದ್ದವಳು. ಅವಳ ಮುಂದೆ ಬಾಯಿ ಬಿಡುವುದಕ್ಕಿಂತ ಸಾಯುವುದೇ ವಾಸಿ ಎನಿಸಿತು.

ಮೂರು ವಾರ ಹಾಗೇ ಕಳೆಯಿತು. ಅಷ್ಟರಲ್ಲಿ ಮನೆಯಲ್ಲಿ ಸಾಕಿದ್ದ ರೇಷ್ಮೆಹುಳ ಹಣ್ಣಾಗಿ ಗೂಡು ಕಟ್ಟುವ ಹದಕ್ಕೆ ಬಂದವು. ಹಣ್ಣಾದ ಹುಳವನ್ನು ಅವತ್ತೇ ಆರಿಸಿ, ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗೆ ಬಿಡಬೇಕು, ಇಲ್ಲದಿದ್ದರೆ ಕಂಡಕಂಡಲ್ಲಿ ಗೂಡು ಕಟ್ಟಲು ಶುರುಮಾಡುತ್ತವೆ. ಮನೆಮಂದಿಯೆಲ್ಲ ಹುಳದ ಮನೆಯಲ್ಲಿದ್ದರು. ಕದಿರಮ್ಮ ಮಾತ್ರ ಹೊಸಿಲಿನಾಚೆ ನಿಂತಿದ್ದಳು. ಮುಟ್ಟಾದವಳು ಆ ಹೊಸಿಲು ದಾಟಿದರೆ ಹುಳಕ್ಕೆ ರೋಗ ಬರುತ್ತದೆ ಎನ್ನುವುದು ಅವಳದೇ ಕಟ್ಟಳೆ. "ಹುಳಕ್ಕೂ ಅದಕ್ಕೂ ಏನ್ ಸಂಬಂಧ ಅತ್ತೆ" ಎಂದು ವಾದಿಸಿದ ಕವಿತಳನ್ನೂ ತಿಂಗಳು ತಿಂಗಳು ಹೊರಗೆ ನಿಲ್ಲಿಸಿದ್ದಳು. ಇವತ್ತು ಬೆಳಗಿನಿಂದ ಅವಳಿಗೇ ರಕ್ತ ಹೋಗುತ್ತಿತ್ತು.

"ಒಳಗ್ ಬಾರೇ, ಹುಳ ಕಾಯ್ತವಾ?" ಎಂದು ಗಂಡ ರಾಮಾಂಜಿನಪ್ಪ ಗದರಿದ.

"ಮಂಡಿ ನೋವು" ಎಂದಳು.

"ನೆನ್ನೆ ಸೊಪ್ಪಿನ ಹೊರೆ ಹೊತ್ಕೊಂಡ್ ಬಂದೋಳಿಗೆ ಇವತ್ತು ಮಂಡಿ ನೋವಂತೆ."

ಕವಿತ ತಲೆಯೆತ್ತಿ ನೋಡಿದಳು. ಅತ್ತೆಯ ಕಾಲು ಹೊಸಿಲಿಗೆ ಒಂದು ಗೇಣು ಆಚೆಯೇ ನಿಂತಿದ್ದನ್ನೂ ನೋಡಿದಳು. ಕೈಯಲ್ಲಿದ್ದ ತಟ್ಟೆ ಇಟ್ಟು ಹೊರಗೆ ಬಂದು, ದನಿ ತಗ್ಗಿಸಿ, "ಯಾವಾಗಿಂದ ಅತ್ತೆ?" ಎಂದಳು.

ಇದನ್ನೂ ಇವಳೇ ಕಂಡುಹಿಡಿಯಬೇಕಿತ್ತೇ ಎಂದು ಕದಿರಮ್ಮನಿಗೆ ಮೈ ಉರಿದುಹೋಯಿತು. ಆದರೂ ಬಾಯಿಂದ ಬಂದದ್ದು, "ಮೂರು ವಾರ ಆಯ್ತು."

"ನಿಂತು ಒಂದು ವರ್ಷ ಆದ್ಮೇಲೆ ಒಂದು ಹನಿ ಕಂಡ್ರೂ ಡಾಕ್ಟ್ರಿಗೆ ತೋರಿಸ್ಬೇಕು ಅತ್ತೆ. ಏನೋ ಸಣ್ಣದೇ ಇರ್ಬೋದು. ಆದ್ರೆ ಗರ್ಭಕೋಶದ ಕ್ಯಾನ್ಸರಿಗೂ ಇದೇ ಗುರುತು. ಬೇಗ ನೋಡಿದ್ರೆ ವಾಸಿ ಮಾಡ್ತಾರೆ. ನಾಳೆನೇ ಚಿಕ್ಕಬಳ್ಳಾಪುರಕ್ಕೆ ಹೋಗಣ."

ಕದಿರಮ್ಮನಿಗೆ ತನ್ನ ಭಯಕ್ಕಿಂತ ಮುಂಚೆ ಅಕ್ಕಯಮ್ಮನ ಮುಖ ಕಣ್ಣಿಗೆ ಬಂತು. ಹಿಂದಿನ ಬೀದಿಯ ಅಕ್ಕಯಮ್ಮ ಯುಗಾದಿಯ ಹೊತ್ತಿಗೆ, ಮುಟ್ಟು ನಿಂತ ಮೇಲೂ ರಕ್ತ ಕಾಣುತ್ತಿದೆ ಎಂದು ಇದನ್ನೇ ಕೇಳಿದ್ದಳು. ಕದಿರಮ್ಮ ಆಗ, "ಕೆಟ್ಟ ರಕ್ತ, ಹೋಗ್ಲಿ ಬಿಡು" ಎಂದಿದ್ದಳು. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಊರಲ್ಲಿ ತನ್ನ ಪಾಲಿಗೆ ಉಳಿದ ಒಬ್ಬಳೂ ಸೊಸೆಯ ಕಡೆ ಹೋದಾಳೆಂದು, "ಕವಿತನ ಹತ್ರ ಬಾಯಿ ಬಿಡಬೇಡ" ಎಂದೂ ಹೇಳಿ ಕಳಿಸಿದ್ದಳು. ಅದಾಗಿ ಈಗ ಏಳು ತಿಂಗಳು.

ತಡೆತಡೆದು ಅಷ್ಟನ್ನೂ ಹೇಳಿದಳು. ಕವಿತ ಬಯ್ಯಲಿಲ್ಲ. "ನಾನ್ ಹೋಗಿ ಹೇಳ್ತೀನಿ" ಎಂದು ಹೊರಟಳು.

ಕದಿರಮ್ಮ ಅವಳ ಕೈ ಹಿಡಿದು ನಿಲ್ಲಿಸಿದಳು. "ನೀನ್ ಬೇಡ, ನಾನೇ ಹೋಗ್ತೀನಿ. ನನ್ನ ಮಾತು ಕೇಳ್ಕೊಂಡ್ ಕೂತಿರೋಳು ಅವಳು."

ಅಕ್ಕಯಮ್ಮ ಬಾಗಿಲಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕೈಬಳೆಗಳು ಮೊಣಕೈವರೆಗೆ ಜಾರುವಷ್ಟು ಸೊರಗಿದ್ದಳು. ಕದಿರಮ್ಮ ನಿಂತಲ್ಲೇ, "ನಾನ್ ಹೇಳಿದ್ದು ತಪ್ಪಾಯ್ತು ಅಕ್ಕಯಮ್ಮ. ನಾಳೆ ನಂಜೊತೆ ಆಸ್ಪತ್ರೆಗೆ ಬರ್ಬೇಕು" ಎಂದಳು.

ಅಕ್ಕಯಮ್ಮ ನಕ್ಕುಬಿಟ್ಟಳು. "ನಿನ್ ಸೊಸೆ ಹೇಳ್ಕೊಟ್ಟು ಕಳಿಸಿದ್ಲಾ? ಎರಡ್ ಸಲ ಬಂದು ಕೇಳಿದ್ಲು. ಏನೂ ಇಲ್ಲ ಹೋಗಮ್ಮ ಅಂದೆ. ನಾನ್ ಎಲ್ಲೂ ಬರಲ್ಲ, ನಂಗೆ ನಿನ್ ಮಾತೇ ಸಾಕು."

ಇಂಥ ಮಾತು ಕೇಳಬೇಕೆಂದು ಕದಿರಮ್ಮ ಮೂರು ವರ್ಷದಿಂದ ಹಂಬಲಿಸಿದ್ದಳು. ಅವಳು ಅಕ್ಕಯಮ್ಮನ ಪಕ್ಕದಲ್ಲಿ ಕೂತು, ತನ್ನ ಸೀರೆಯಲ್ಲಿ ಕಂಡ ಕಲೆಯ ಸಂಗತಿಯನ್ನು ಮೊದಲಿನಿಂದ ಹೇಳತೊಡಗಿದಳು.