ಕ್ಯಾಲೆಂಡರಿನ ಕೈ

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯ ಮ್ಯಾನೇಜರನಿಗೆ ಕೆಲಸದವರು ಇಟ್ಟ ಹೆಸರು ಇಸ್ತ್ರಿ. ಅಂಗಿಯಲ್ಲೂ ಒಂದು ಸುಕ್ಕಿಲ್ಲ, ಮಾತಿನಲ್ಲೂ ಇಲ್ಲ. ಹೊಸ ವರ್ಷದ ಕ್ಯಾಲೆಂಡರಿಗೆ ಕೆಲಸದವರ ಕೈಗಳ ಫೋಟೋ ಬೇಕೆಂದು ಅವನು ಫೋಟೋದವನನ್ನು ಕರೆಸಿದ.

"ಬಣ್ಣ ಬೇಡಪ್ಪ, ಬ್ಲ್ಯಾಕ್ ಅಂಡ್ ವೈಟ್ ಮಾಡು. ಅದಕ್ಕೊಂದು ಗತ್ತಿರುತ್ತೆ."

ಫೋಟೋದವನ ಹೆಂಡತಿಯೂ ಅಲ್ಲೇ ಬಣ್ಣದ ತೊಟ್ಟಿಯ ಹತ್ತಿರ ಕೆಲಸಕ್ಕಿದ್ದಳು. ಅವಳ ಕೈಯ ಫೋಟೋವನ್ನೂ ತೆಗೆದ. ಬೆರಳ ಸಂದಿಯಿಂದ ಮಣಿಕಟ್ಟಿನವರೆಗೆ ಕೆಂಪು ಹುಣ್ಣು. ಮಕ್ಕಳಿಗೆ ಬಡಿಸುವಾಗಲೂ ಸೆರಗು ಎಳೆದುಕೊಂಡು ಅದನ್ನು ಮುಚ್ಚುತ್ತಿದ್ದಳು.

ಫೋಟೋದಿಂದ ಬಣ್ಣ ತೆಗೆಯುವುದೆಂದರೆ ಒಂದು ಗುಂಡಿ ಒತ್ತಿ ಎದ್ದುಹೋಗುವ ಕೆಲಸವಲ್ಲ. ಯಾವ ಬಣ್ಣ ಎಷ್ಟು ಕಪ್ಪಾಗಬೇಕು, ಎಷ್ಟು ಬೆಳ್ಳಗಾಗಬೇಕು ಎಂದು ಒಂದೊಂದನ್ನೂ ಕಂಪ್ಯೂಟರಿಗೆ ಹೇಳಬೇಕು. ಕೆಂಪನ್ನು ಇಳಿಸಿದರೆ ಹುಣ್ಣು ಮಸಿಯ ಚುಕ್ಕೆಯಂತೆ ಎದ್ದು ಕಾಣುತ್ತದೆ; ಏರಿಸಿದರೆ ಚರ್ಮದೊಳಗೇ ಕರಗಿಹೋಗುತ್ತದೆ. ಮದುಮಕ್ಕಳ ಮೊಡವೆ ಮಾಯಮಾಡಿ ಪಳಗಿದವನು ಅವನು. ಕೆಂಪನ್ನು ಏರಿಸಿದ. ಹೆಂಡತಿಯ ಕೈ ಮದುವೆಯ ಹೊಸತರಲ್ಲಿದ್ದ ಹಾಗಾಯಿತು. ಹಾಗೆ ಮಾಡೆಂದು ಇಸ್ತ್ರಿ ಕೇಳಿಯೂ ಇರಲಿಲ್ಲ. ಅವಳು ನೋಡಿ ಹಿಗ್ಗಲಿ ಎಂದೇ ಮಾಡಿದ್ದು. ಆಮೇಲೆ ಕರಾರಿನಂತೆ ಬಣ್ಣದ ಫೋಟೋಗಳನ್ನೆಲ್ಲ ಕಾರ್ಖಾನೆಗೆ ಒಪ್ಪಿಸಿ ತನ್ನಲ್ಲಿದ್ದುದನ್ನು ಅಳಿಸಿಹಾಕಿದ.

ಇಡೀ ವರ್ಷಕ್ಕೆ ಒಂದೇ ದೊಡ್ಡ ಹಾಳೆ. ಇಸ್ತ್ರಿ ಆರಿಸಿದ್ದು ಅವಳ ಕೈಯನ್ನೇ. "ನಂದೇನಾ ಇದು?" ಎಂದು ನಕ್ಕು ಅವಳು ಅದನ್ನು ಅಡುಗೆಮನೆಯಲ್ಲಿ ನೇತುಹಾಕಿದಳು.

ಬೇಸಿಗೆಯ ಹೊತ್ತಿಗೆ ಅವಳಿಗೆ ಬೆರಳು ಮಡಿಸಲೂ ಆಗದಾಯಿತು. ಚಿಕಿತ್ಸೆಗೆ ರಜೆ, ವಾಸಿಯಾದ ಮೇಲೆ ತೊಟ್ಟಿಯಿಂದ ದೂರದ ಕೆಲಸ, ಇಷ್ಟನ್ನೇ ಕೇಳಲು ಗಂಡಹೆಂಡತಿ ಕಚೇರಿಗೆ ಹೋದರು. ಇಸ್ತ್ರಿ ಗೋಡೆಯ ಕ್ಯಾಲೆಂಡರನ್ನು ಇಳಿಸಿ ಮೇಜಿನ ಮೇಲೆ ಹರಡಿದ.

"ಇದು ನಿನ್ನ ಕೈನೇ ತಾನೇ, ತಾಯಿ? ನಮ್ಮಲ್ಲಿ ಅಷ್ಟು ವರ್ಷ ದುಡಿದ್ರೂ ಹೂವಿನ ಹಾಗಿದೆ. ಆಮೇಲೆ ಮನೇಲಿ ಯಾವ ಸೋಪು ಹಾಕ್ಕೊಂಡ್ಯೋ ಏನೋ."

"ಅದು ನಾನು ಮಾಡಿದ್ದು ಸಾರ್." ಫೋಟೋದವನು ಮೇಜಿನತ್ತ ಬಾಗಿದ. "ಹುಣ್ಣು ಆಗ್ಲೇ ಇತ್ತು. ಕಾಣದ ಹಾಗೆ ಮಾಡ್ದೆ. ನಾನು ಕೊಟ್ಟ ಬಣ್ಣದ ಫೋಟೋ ತೆಗೆದು ನೋಡಿ."

"ಅದನ್ನೆಲ್ಲ ಯಾರು ಇಟ್ಕೋತಾರಪ್ಪ? ಹೋಯ್ತು." ಇಸ್ತ್ರಿ ಹಾಳೆಯ ಮೂಲೆಯ ಮೇಲೆ ಬೆರಳಿಟ್ಟ. "ಇಲ್ಲಿ ನಿನ್ನ ಹೆಸರೇ ಇದೆಯಲ್ಲ. ಆಗ ಸುಳ್ಳು ಹೇಳಿದ್ಯೋ, ಈಗ ಹೇಳ್ತಿದ್ದೀಯೋ?"

ರಜೆಯೂ ಇಲ್ಲ, ಬೇರೆ ಕೆಲಸವೂ ಇಲ್ಲ; ಅವಳು ಬೆಳಿಗ್ಗೆ ಮತ್ತೆ ಅದೇ ತೊಟ್ಟಿಗೆ ಹೋಗಬೇಕು. ಮನೆಗೆ ಬಂದವನೇ ಅವನು ಅಡುಗೆಮನೆಯ ಕ್ಯಾಲೆಂಡರಿಗೆ ಕೈಹಾಕಿದ.

"ತೆಗೀಬೇಡಿ," ಎಂದಳು ಹಿಂದಿನಿಂದ. "ಪಾತ್ರೆ ತೊಳ್ಕೊಡ್ತಾಳಾ ಅಂತ ಆ ಕ್ಯಾಲೆಂಡರಿನವಳನ್ನೇ ಕೇಳಿ. ಒಳ್ಳೆ ಕೈ ಇದೆಯಲ್ಲ."

ಅವನು ಅಂಗಿಯ ತೋಳು ಮಡಿಸಿ ಪಾತ್ರೆಗಳ ಮೇಲೆ ನಲ್ಲಿ ತಿರುಗಿಸಿದ.