ಸೊಸೆಯ ಒಪ್ಪತ್ತು

ಗುಡಗೇರಿಯ ಮಲ್ಲಕ್ಕನಿಗೆ ಸೊಸೆಯ ಮೇಲೆ ಎಳ್ಳಷ್ಟೂ ಸಿಟ್ಟಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಮಾಡಿದ್ದನ್ನೆಲ್ಲ ಆಕೆ ಪ್ರೀತಿಯಿಂದಲೇ ಮಾಡಿದಳು.

ಮಗ ಹೇಮಂತನ ಮದುವೆಯಾಗಿ ಎರಡು ವರ್ಷವಾದರೂ ಸೊಸೆ ಸೌಂದರ್ಯಾ ಬಸಿರಾಗಲಿಲ್ಲ. ಮಲ್ಲಕ್ಕ ಬೈಯಲಿಲ್ಲ, ಮಗನಿಗೆ ಇನ್ನೊಂದು ಮದುವೆಯ ಮಾತೆತ್ತಲಿಲ್ಲ. ಈಶ್ವರನ ಹೆಸರಿನಲ್ಲಿ ಸೋಮವಾರ ಒಪ್ಪತ್ತು ಹಿಡಿ ಎಂದಳು, ಅಷ್ಟೆ. ಹಗಲೆಲ್ಲ ಉಪವಾಸವಿದ್ದು ದೀಪ ಹಚ್ಚಿದ ಮೇಲೆ ಒಂದೇ ಊಟ. ಮೂರು ತಿಂಗಳಲ್ಲಿ ಈಶ್ವರ ಮಾತಾಡಲಿಲ್ಲ. ಶುಕ್ರವಾರ ದ್ಯಾಮವ್ವನ ಪಾಲಾಯಿತು. ಅಣ್ಣಿಗೇರಿಯಿಂದ ಬಂದ ಮಲ್ಲಕ್ಕನ ನಾದಿನಿ ಮಂಗಳವಾರವನ್ನೂ ಸೇರಿಸಿ ಹೋದಳು. ಬಾಜು ಮನೆಯ ಹಸೀನಾಬಿ ಪಕ್ಕದೂರಿನ ದರ್ಗಾದ ಮಹಿಮೆ ಹೇಳಿದ್ದರಿಂದ ಗುರುವಾರ ಉಪವಾಸವಿದ್ದು ಬರಿಗಾಲಲ್ಲಿ ಅಲ್ಲಿಗೆ ಹೋಗಿಬರುವುದಾಯಿತು. ಶನಿವಾರ ಹಣಮಪ್ಪನಿಗೆ ಹೋಯಿತು. ಬ್ರಹ್ಮಚಾರಿ ದೇವರ ಹತ್ತಿರ ಮಗು ಬೇಡುವುದು ಹೇಗೆ ಎಂದು ಮಲ್ಲಕ್ಕನ ಗಂಡ ಶಂಕ್ರಪ್ಪ ಒಮ್ಮೆ ಅನುಮಾನಪಟ್ಟ. ದೇವರ ಸಂಸಾರದ ಉಸಾಬರಿ ನಿಮಗೆ ಬೇಡ ಎಂದು ಆಕೆ ಅವನ ಬಾಯಿ ಮುಚ್ಚಿಸಿದಳು.

ಹೀಗೆ ಸೊಸೆಯ ಹೊಟ್ಟೆಯ ಪಾಲಿಗೆ ಉಳಿದದ್ದು ಬುಧವಾರ ಮತ್ತು ಭಾನುವಾರ. ಜೊತೆಗೆ ದಿನಾ ಬೆಳಗಿನಲ್ಲಿ ಊರ ಹೊರಗಿನ ಗುಡಿಗೆ ನೂರೆಂಟು ಸುತ್ತು. ಅದು ಮುಗಿದರೆ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವ ಕೆಲಸ. ಹೇಮಂತ ಮಾತ್ರ ದಲಾಲಿ ಅಂಗಡಿಯಿಂದ ಬಂದು ಏಳೂ ದಿನ ಎರಡು ಹೊತ್ತು ಉಂಡ. ಗಂಡಸರು ಒಪ್ಪತ್ತು ಹಿಡಿಯಬೇಕೆಂದು ಯಾರಿಗೂ ಹೊಳೆಯಲಿಲ್ಲ, ಅವನಿಗಂತೂ ಹೊಳೆಯಲಿಲ್ಲ.

ಒಂದು ತಿಂಗಳು ಸೌಂದರ್ಯಾಳ ಮುಟ್ಟು ನಿಂತಿತು. ಮಲ್ಲಕ್ಕನ ಕಾಲು ನೆಲಕ್ಕೆ ತಾಕಲಿಲ್ಲ. ಐದು ದೇವರಲ್ಲಿ ಯಾರೋ ಒಬ್ಬರು ಕಣ್ಣು ಬಿಟ್ಟಿದ್ದರು. ಯಾರೆಂದು ಗೊತ್ತಾಗದ್ದರಿಂದ ಒಂದನ್ನೂ ಬಿಡುವಂತಿರಲಿಲ್ಲ. ಬಿಡುವುದಿರಲಿ, ಉಪಕಾರ ಸ್ಮರಣೆಗೆಂದು ಆಕೆ ಅಮಾವಾಸ್ಯೆಯನ್ನೂ ಸೇರಿಸಿದಳು. ಆಶಾ ಕಾರ್ಯಕರ್ತೆ ಕೊಟ್ಟ ಬಸಿರು ಪರೀಕ್ಷೆಯ ಪಟ್ಟಿಯಲ್ಲಿ ಒಂದೇ ಗೆರೆ ಬಂದಾಗ ಪಟ್ಟಿ ಕೆಟ್ಟಿದೆ ಎಂದಳು. ಎರಡನೆಯದೂ ಕೆಟ್ಟಿತು, ಮೂರನೆಯದೂ ಕೆಟ್ಟಿತು. ಐದನೆಯ ತಿಂಗಳಿಗೂ ಹೊಟ್ಟೆ ಮುಂದೆ ಬರಲಿಲ್ಲ, ಬೆನ್ನಿಗೇ ಹತ್ತಿತು. ತವರಿನಿಂದ ತಂದ ಕುಪ್ಪಸಗಳು ಭುಜದಿಂದ ಜಾರತೊಡಗಿದವು. ಒಂದು ಮುಂಜಾನೆ ಸೌಂದರ್ಯಾ ಗುಡಿ ಸುತ್ತುವಾಗ ಎಪ್ಪತ್ತನೆಯ ಸುತ್ತಿನಲ್ಲಿ ಕಣ್ಣು ಕತ್ತಲಿಟ್ಟು ಬಿದ್ದಳು.

ಮರುದಿನ ಅತ್ತೆ ಸೊಸೆ ಇಬ್ಬರೂ ರೈಲು ಹತ್ತಿ ಹುಬ್ಬಳ್ಳಿಗೆ ಹೋದರು. ಅಲ್ಲಿಯ ಡಾಕ್ಟರಬಾಯಿ ರಕ್ತ ನೋಡಿಸಿದಳು, ಸ್ಕ್ಯಾನ್ ಮಾಡಿಸಿದಳು, ತೂಕದ ಮೇಲೆ ನಿಲ್ಲಿಸಿದಳು. ಮದುವೆಯಲ್ಲಿ ಐವತ್ತೆರಡು ಕಿಲೋ ಇದ್ದ ಹುಡುಗಿ ನಲವತ್ತಕ್ಕೆ ಇಳಿದಿದ್ದಳು. ಏನು ಉಣ್ಣುತ್ತೀ ಎಂದು ಕೇಳಿದಾಗ ಸೌಂದರ್ಯಾ ಅತ್ತೆಯ ಮುಖ ನೋಡಿದಳು. ಮಲ್ಲಕ್ಕನೇ ಹೆಮ್ಮೆಯಿಂದ ವಾರಗಳ ಪಟ್ಟಿ ಒಪ್ಪಿಸಿದಳು. ಡಾಕ್ಟರಬಾಯಿ ಬರೆಯುವುದನ್ನು ನಿಲ್ಲಿಸಿ ಪೆನ್ನು ಕೆಳಗಿಟ್ಟಳು.

"ಆಕಿ ಗರ್ಭಕೋಶ ಛಲೋ ಐತ್ರಿ. ಮೈಗೆ ಕೂಳು ಸಾಲವಲ್ದು. ಮನ್ಯಾಗ ಜ್ವಾಳ ಇಲ್ಲಂದ್ರ ನೀವು ಬೀಗರನ್ನ ಊಟಕ್ಕ ಕರೀತೀರೇನ್ರಿ?"

"ಹೆಂಗ ಕರಿಯೂದ್ರಿ?"

"ಮೈನೂ ಹಂಗರಿ. ತನಗ ಸಾಲದಾಗ ಕೂಸಿನ ಉಸಾಬರಿ ಬಿಡತೈತಿ. ಮೊದಲ ಮುಟ್ಟ ನಿಂದ್ರತೈತಿ."

ಹಸಿವು, ಮಿತಿಮೀರಿದ ನಡಿಗೆ, ತಿಂಗಳು ತಿಂಗಳು ಏನಾಯಿತು ಎಂಬ ವಿಚಾರಣೆಯ ಹೆದರಿಕೆ ಮೂರೂ ಸೇರಿ ಹೀಗಾಗಿದೆ, ಹೀಗೇ ಬಿಟ್ಟರೆ ಎಲುಬೂ ಸವೆಯುತ್ತದೆ ಎಂದು ಆಕೆ ತಿಳಿಸಿ ಹೇಳಿದಳು. ಮೂರು ಹೊತ್ತು ಹೊಟ್ಟೆ ತುಂಬ ಊಟ, ಸುತ್ತು ಬಂದ್, ಮೇಲೆ ನಾಲ್ಕಾರು ತಿಂಗಳ ತಾಳ್ಮೆ. ಮಲ್ಲಕ್ಕನಿಗೆ ನಿರಾಸೆಯಾಯಿತು. ಏನಾದರೂ ದೊಡ್ಡ ಸೂಜಿ ಮಾಡಿಯಾರೆಂದು ಬಂದಿದ್ದಳು. ಉಣ್ಣು ಎಂದು ಹೇಳಿಸಿಕೊಳ್ಳಲು ಹುಬ್ಬಳ್ಳಿವರೆಗೆ ಬಂದಂತಾಯಿತು.

ಆದರೆ ಹಿಡಿದ ವಾರಗಳನ್ನು ಬಿಡುವುದು ಹೇಗೆ? ಮಠದ ಅಯ್ಯನವರನ್ನು ಕೇಳಿದಳು. ಅವರು ಸ್ವಲ್ಪ ಯೋಚಿಸಿ, ಹರಕೆ ಹೊತ್ತವರ ಬದಲು ಮನೆಯ ಇನ್ನೊಬ್ಬರು ನಡೆಸಬಹುದು, ದೇವರಿಗೆ ಮನೆತನ ಮುಖ್ಯ ಎಂದರು. ಹೇಮಂತನಿಗೆ ಅಂಗಡಿಯ ಕೆಲಸವಿತ್ತು. ಶಂಕ್ರಪ್ಪನಿಗೆ ಗ್ಯಾಸಿನ ತೊಂದರೆಯಿತ್ತು. ಐದೂ ವಾರಗಳು ಮಲ್ಲಕ್ಕನ ತಲೆಗೆ ಬಂದವು.

ಸೋಮವಾರ ಸಲೀಸಾಗಿ ಹೋಯಿತು. ಮಂಗಳವಾರ ತಲೆ ಹಿಡಿಯಿತು. ಗುರುವಾರ ದರ್ಗಾದಿಂದ ಬರುವಾಗ ದಾರಿಯಲ್ಲಿ ಎರಡು ಸಲ ಕೂತಳು. ಶನಿವಾರ ಮಧ್ಯಾಹ್ನ ಸೌಂದರ್ಯಾ ಬಿಸಿ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು ಹಾಕಿಕೊಂಡು ಉಣ್ಣುತ್ತಿದ್ದಾಗ ಮಲ್ಲಕ್ಕ ಗೋಡೆಗೆ ಒರಗಿ ಆ ತಾಟನ್ನೇ ನೋಡುತ್ತಿದ್ದಳು.

"ಒಂದ ವಾರಕ್ಕ ನನ್ನ ಜೀವ ಹೋಗೂ ಹಂಗಾಗೇತಿ. ನೀ ಒಂದೂವರಿ ವರ್ಷ ಹೆಂಗ ತಡದಿ?" ಎಂದಳು.

ಸೌಂದರ್ಯಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ಹಸಿವಿ ಅಂದ್ರ ಕೂಸು ಬ್ಯಾಡೇನು ಅಂತಿದ್ರಿ ಅತ್ತಿ. ಅದಕ್ಕ ಅನ್ನಲಿಲ್ಲ."

ಮಲ್ಲಕ್ಕನಿಗೆ ತಾನು ಹಾಗೆ ಅಂದದ್ದು ನೆನಪಿತ್ತು. ಒಂದಲ್ಲ, ಹತ್ತು ಸಲ ಅಂದಿದ್ದಳು. ಆಮೇಲೆ ಎದ್ದು ತಾನೂ ಒಂದು ತಾಟು ತಂದು ಸೊಸೆಯ ಎದುರು ಕೂತಳು. ಹಣಮಪ್ಪನಿಗೆ ಕೂತಲ್ಲಿಂದಲೇ ಕೈಮುಗಿದಳು. ಇನ್ನುಳಿದ ದೇವರುಗಳಿಗೆ ಒಂದೊಂದು ಕಾಯಿ ಒಡೆಸಿ ತಪ್ಪಾಯಿತೆಂದಳು. ಯಾವ ದೇವರೂ ತಕರಾರು ಮಾಡಲಿಲ್ಲ.

ಹೊಟ್ಟೆ ತುಂಬ ಉಣ್ಣತೊಡಗಿದ ಐದನೆಯ ತಿಂಗಳಲ್ಲಿ ಸೌಂದರ್ಯಾಳಿಗೆ ಮತ್ತೆ ಮುಟ್ಟಾಯಿತು. ಆ ಮನೆಯಲ್ಲಿ ಸೊಸೆ ಮುಟ್ಟಾದದ್ದಕ್ಕೆ ಹೋಳಿಗೆ ಮಾಡಿದ್ದು ಅದೇ ಮೊದಲು. ಯಾತರ ಹೋಳಿಗೆ ಎಂದು ಹಸೀನಾಬಿ ಕೇಳಿದಾಗ ಮಲ್ಲಕ್ಕ ಹೇಗೆ ಹೇಳಬೇಕೋ ತಿಳಿಯದೆ ಬೇಳೆ ಬಹಳ ಬೆಂದಿತ್ತು ಎಂದಳು.

ಮತ್ತೆ ಮೂರು ತಿಂಗಳು ಎಲ್ಲ ಸರಿಯಿತ್ತು. ನಾಲ್ಕನೆಯದಕ್ಕೆ ಮುಟ್ಟು ಪುನಃ ನಿಂತಿತು. ರೊಟ್ಟಿ ಕಂಡರೆ ಸೌಂದರ್ಯಾ ಮುಖ ತಿರುಗಿಸುತ್ತಿದ್ದಳು. ಮಲ್ಲಕ್ಕನಿಗೆ ಅರ್ಥವಾಗಲು ಹೊತ್ತಾಗಲಿಲ್ಲ: ಹುಡುಗಿ ಕದ್ದು ಯಾವುದೋ ವಾರ ಹಿಡಿದಿದ್ದಾಳೆ. ಇಲ್ಲ ಎಂದು ಸೌಂದರ್ಯಾ ಆಣೆ ಮಾಡಿದರೂ ನಂಬಲಿಲ್ಲ. ಶೇಂಗಾ ಉಂಡೆ ಕಟ್ಟಿ ಎದುರಿಗೇ ಕೂತು ತಿನ್ನಿಸಿದಳು, ಅದು ವಾಂತಿಯಾಯಿತು. ಸೊಸೆ ಮಾತು ಕೇಳುತ್ತಿಲ್ಲವೆಂದು ದೂರು ಹೇಳಲು ಮತ್ತೆ ಹುಬ್ಬಳ್ಳಿಗೆ ಕರೆದುಕೊಂಡು ಹೋದಳು. ಡಾಕ್ಟರಬಾಯಿ ದೂರನ್ನು ಪೂರ್ತಿ ಕೇಳಿ, ಪರೀಕ್ಷೆ ಮಾಡಿಸಿ, ಎರಡು ಗೆರೆಯ ಪಟ್ಟಿಯನ್ನು ಆಕೆಯ ಮುಂದಿಟ್ಟಳು. ಮಲ್ಲಕ್ಕ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಈ ಪಟ್ಟಿ ಕೆಟ್ಟಿಲ್ಲವಷ್ಟೆ ಎಂದು ಕೇಳಿದಳು.

ದೀಪಾವಳಿಯ ಮುಂದೆ ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲು ನೋಡಲು ಬಂದ ಹೆಂಗಸರು ಒಬ್ಬೊಬ್ಬರೇ ಮಲ್ಲಕ್ಕನನ್ನು ಬದಿಗೆ ಕರೆದು, ಕೊನೆಗೆ ಒಲಿದದ್ದು ಯಾವ ದೇವರು ಎಂದು ಕೇಳಿದರು. ಮಲ್ಲಕ್ಕ ಇದ್ದದ್ದನ್ನು ಇದ್ದಂತೆ ಹೇಳಿದಳು: ಹೊಟ್ಟೆ ತುಂಬ ಉಂಡಳು, ಬಸಿರಾದಳು. ಯಾರೂ ನಂಬಲಿಲ್ಲ. ಒಲಿದ ದೇವರ ಹೆಸರನ್ನು ಬಚ್ಚಿಡುತ್ತಾಳೆಂದು ಎದುರು ಮನೆಯ ಸುವರ್ಣಾ ಮುಖ ಗಂಟಿಕ್ಕಿಕೊಂಡು ಎದ್ದು ಹೋದಳು. ಆಕೆಯ ಸೊಸೆ ರೇಷ್ಮಾಳಿಗೂ ಮದುವೆಯಾಗಿ ಎರಡು ವರ್ಷ ಕಳೆದಿತ್ತು.

ಮುಂದಿನ ಸೋಮವಾರ ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದ ಮಲ್ಲಕ್ಕನಿಗೆ, ರೇಷ್ಮಾ ಒದ್ದೆ ಸೀರೆಯಲ್ಲಿ ಗುಡಿಯ ಕಡೆ ಹೊರಟದ್ದು ಕಂಡಿತು. ಕಸಬರಿಗೆ ಅಲ್ಲೇ ಬಿಟ್ಟು ಒಳಗೆ ಹೋಗಿ, ಎರಡು ರೊಟ್ಟಿಗೆ ಬೆಣ್ಣೆ ಸವರಿ ಸುತ್ತಿಕೊಂಡು ಆಕೆಯ ಹಿಂದೆ ಓಡಿದಳು.

"ಇವತ್ತ ನನ್ನ ಒಪ್ಪತ್ತೈತ್ರಿ ಮಲ್ಲಕ್ಕಾ," ಎಂದಳು ರೇಷ್ಮಾ.

"ಗೊತ್ತೈತೆವಾ. ತಿನ್ನು. ನಿಮ್ಮ ಅತ್ತಿ ಬರತಾಳೇನಂತ ನಾ ಇಲ್ಲೇ ನಿಂತು ನೋಡತಿರತೇನಿ."